ಬಾಗಿಲ ಹಿಂದಿನ ಶ್ರುತಿ

ನಡೆದ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ದೇಶ ನೋಡಿದ ವಿಷಯ ಆಮೇಲೆ. ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ವೈದ್ಯನಾಗಿರುವ ನನ್ನ ತಮ್ಮ ಗುರುರಾಜ, ಅಲ್ಲಿನ ಕನ್ನಡಿಗರ ತುಂಬಿದ ಸಭೆಯಲ್ಲಿ ನಮ್ಮ ಮನೆಯ ತಂತಿಮೇಳದ ಚರಿತ್ರೆಯನ್ನು ಓದಿಸಿದ. ಆ ಚರಿತ್ರೆಯಲ್ಲಿ ನಮ್ಮ ದೊಡ್ಡಕ್ಕ ಸಾವಿತ್ರಿಯ ಹೆಸರು ಇರಲಿಲ್ಲ. ಆ ಹೆಸರನ್ನು ಹೇಳಲು ನಾನು ಬಾಯಿ ತೆರೆದಾಗ ಅವನು ನನ್ನ ಮಾತಿನ ಮೇಲೆಯೇ ಪಿಟೀಲಿನ ಕಮಾನು ಎಳೆದ.

ಕಂಡವರು ನೂರಾರು ಜನ. ಗಮನಿಸಿದವರು ಯಾರೂ ಇಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಅಮೆರಿಕಕ್ಕೆ ಹೋಗಿಬಂದವರೆಲ್ಲ ಬರೆಯುವ ಕೆಂಪು ಸೇತುವೆಯನ್ನು ನಾನೂ ನೋಡಿದೆ. ಮಂಜಿನಲ್ಲಿ ಅರ್ಧ ಕಂಡಿತು. ಆ ವಿಷಯ ಅಷ್ಟು ಸಾಕು.

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ

ಸುಂಕದ ಕಟ್ಟೆಯಲ್ಲಿ ನನ್ನನ್ನು ತಡೆದದ್ದು ಒಂದು ನಾಯಿ. ಕಿವಿ ಜೋತ, ಸಾಧು ಮುಖದ ನಾಯಿ. ಅದು ನನ್ನ ಚೀಲದ ಪಕ್ಕದಲ್ಲಿ ಬಂದು ಕುಳಿತಿತು; ಎಬ್ಬಿಸಿದರೂ ಏಳಲಿಲ್ಲ. ಅಧಿಕಾರಿ ಚೀಲ ಬಿಚ್ಚಿಸಿ ಹೇರಳೆಕಾಯಿ ಉಪ್ಪಿನಕಾಯಿಯನ್ನು ಎತ್ತಿಟ್ಟುಕೊಂಡ. ಆಮೇಲೆ ಪಿಟೀಲಿನ ಪೆಟ್ಟಿಗೆಯಲ್ಲಿದ್ದ ರಾಳದ ಉಂಡೆಯನ್ನು ಹಿಡಿದು, ಇದನ್ನು ತಿನ್ನುತ್ತೀರಾ ಎಂದು ಕೇಳಿದ. ಹಾಸನದ ಪ್ರೌಢಶಾಲೆಯಲ್ಲಿ ನಿವೃತ್ತಿಯವರೆಗೆ ಕನ್ನಡ ಪಾಠ ಮಾಡಿದ ನನ್ನ ಇಂಗ್ಲಿಷು ಆತನಿಗೆ ಅರ್ಥವಾಗಲಿಲ್ಲ. ಕೊನೆಗೆ ಕಮಾನಿಗೆ ರಾಳ ಉಜ್ಜಿ, ನಿಂತಲ್ಲೇ ಒಂದು ಎಳೆತ ಎಳೆದು ತೋರಿಸಿದೆ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಮ್ಮಲ್ಲಾದರೆ 'ಬೇಗ ಮುಂದೆ ಹೋಗ್ರೀ' ಎನ್ನುತ್ತಿದ್ದರು.

ಅಷ್ಟರಮಟ್ಟಿಗೆ ಒಳ್ಳೆಯ ಜನ. ಆದರೆ ಆ ಅಧಿಕಾರಿ ಪಿಟೀಲಿಗೆ ಸುತ್ತಿದ್ದ ಕೆಂಪು ಬಟ್ಟೆಯನ್ನು ಕೈಗವಸಿನ ಎರಡು ಬೆರಳಿನಲ್ಲಿ ಎತ್ತಿ, ಕಸದಂತೆ ಮೇಜಿನ ಅಂಚಿಗೆ ಹಾಕಿದ್ದನ್ನು ನಾನು ಮರೆತಿಲ್ಲ. ಅದು ದೊಡ್ಡಕ್ಕನ ಸೀರೆಯ ತುಂಡು. ಆಕೆ ಹರೆಯದಿಂದ ಕೊನೆಯವರೆಗೂ ಉಟ್ಟದ್ದು ಆ ಒಂದೇ ಬಣ್ಣ.

ಸರಟೋಗಾ

ತಮ್ಮನ ಮನೆ ಗುಡ್ಡದ ಮೇಲಿದೆ. ರಸ್ತೆಯಲ್ಲಿ ಮನುಷ್ಯರು ನಡೆಯುವುದಿಲ್ಲ. ಸಂಜೆ ಸೆರಗು ಹೊದ್ದು ನಾಲ್ಕು ಹೆಜ್ಜೆ ಹೋದರೆ ಕಾರು ನಿಲ್ಲಿಸಿ, ದಾರಿ ತಪ್ಪಿತೇ ಎಂದು ವಿಚಾರಿಸುವರು. ಮನೆಯಲ್ಲಿ ತಮ್ಮ, ಆತನ ಹೆಂಡತಿ ನಳಿನಿ, ಕಾಲೇಜು ಓದುವ ಮಗಳು ಮೇಘನಾ. ನಳಿನಿ ಒಳ್ಳೆಯವಳು. ನಾನು ಬಂದ ವಾರದಲ್ಲೇ ಪಿಟೀಲಿಗೆ ಹೊಸ ಮಖಮಲ್ಲಿನ ಹೊದಿಕೆ ತಂದಳು. ಹಳೆಯ ಕೆಂಪು ಬಟ್ಟೆ ಎಲ್ಲಿ ಎಂದು ಕೇಳಿದೆ.

"ಗರಾಜಲ್ಲಿ ಹಾಕ್ದೆ ಅತ್ತಿಗೆ, ಕಾರ್ ಒರೆಸೋ ಬಟ್ಟೆ ಜೊತೆ. ಪೂರ್ತಿ ಪಿಸಿದು ಹೋಗಿತ್ತು."

ಹೋಗಿ ತಂದೆ. ಒಗೆದು ಒಣಗಿಸಿದೆ. ತಮ್ಮ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅದು ಯಾರ ಬಟ್ಟೆ ಎಂದು ಅವನಿಗೆ ಗೊತ್ತಿತ್ತು.

ಇಲ್ಲಿ ನಮ್ಮ ಮೇಳದ ಕಥೆಯನ್ನು ಹೇಳಬೇಕು. ನಮ್ಮ ತಂದೆ ಅರಕಲಗೂಡಿನಲ್ಲಿ ಶಾಲೆಯ ಮೇಷ್ಟ್ರು. ಪಿಟೀಲು ಬಲ್ಲವರು. ಸುತ್ತಿನ ಹಳ್ಳಿಗಳಲ್ಲಿ ಮದುವೆಯಾದರೆ ಸಂಜೆ ಚಪ್ಪರದಲ್ಲಿ ಮೇಷ್ಟ್ರ ತಂತಿಮೇಳ ಇರಲೇಬೇಕು. ತಂದೆ ಮತ್ತು ನಾನು ಪಿಟೀಲು. ಈಗ ಇಲ್ಲದ ನಮ್ಮಣ್ಣ ಮ್ಯಾಂಡೊಲಿನ್. ಎಲ್ಲರಿಗಿಂತ ಕಿರಿಯವನಾದ ಗುರುರಾಜ, ಅಂದರೆ ನಮ್ಮ ಗುಂಡ, ತನ್ನ ಎತ್ತರಕ್ಕೆ ತಕ್ಕ ಚಿಕ್ಕ ಪಿಟೀಲು. ನಾವು ನುಡಿಸುತ್ತಿದ್ದದ್ದು ಕೀರ್ತನೆಗಳಲ್ಲ, ಹಳ್ಳಿಯ ಹಾಡುಗಳು. ಹಸೆಗೆ ಕರೆಯುವುದು, ಎಣ್ಣೆ ಶಾಸ್ತ್ರದ್ದು, ಹೆಣ್ಣು ಒಪ್ಪಿಸುವುದು. ಹೆಂಗಸರು ಹಾಡುವ ಹಾಡು ತಂತಿಯ ಮೇಲೆ ಕೇಳಿಬಂದಾಗ ಮುದುಕಿಯರು ಎದ್ದು ಹತ್ತಿರ ಬಂದು ಕೂರುತ್ತಿದ್ದರು.

ಅವನ್ನು ಸಂಗ್ರಹಿಸಿದವಳು ದೊಡ್ಡಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ವಿಧವೆಯಾಗಿ, ಆ ಕಾಲದ ವಿಧವೆಯರ ಕೆಂಪು ಸೀರೆಯುಟ್ಟು ಮನೆಗೆ ಮರಳಿದವಳು. ತಾಯಿಯನ್ನು ಕಳೆದುಕೊಂಡ ಗುಂಡನನ್ನು ಎತ್ತಿ ಬೆಳೆಸಿದವಳೂ ಅವಳೇ. ಭತ್ತ ಕುಟ್ಟಲು ಬರುವ ಹೆಂಗಸರು ಹಿತ್ತಿಲ ಕೋಣೆಯಲ್ಲಿ ಹಾಡುತ್ತಿದ್ದರೆ ಅವಳು ಒಳಗೆ ಕುಳಿತು ಅದನ್ನು ಪಿಟೀಲಿಗೆ ಇಳಿಸುತ್ತಿದ್ದಳು. ಆಮೇಲೆ ನಮಗೆ ಕಲಿಸುತ್ತಿದ್ದಳು. ಕಲಿಸುವ ಮೊದಲು, "ಇದು ಕೆಂಚಮ್ಮಂದು, ಕೆಡಿಸಬೇಡಿ" ಎಂದು ಹೇಳಿಯೇ ಶುರು ಮಾಡುತ್ತಿದ್ದಳು. ಹಾಗೆ ನಮ್ಮ ಹಾಡುಗಳಿಗೆ ಕೆಂಚಮ್ಮಂದು, ನಿಂಗಮ್ಮಂದು ಎಂದೇ ಹೆಸರು.

ಮದುವೆಗೆ ಅವಳು ಬರುವಂತಿರಲಿಲ್ಲ. ಹೊರಡುವಾಗ ಎದುರಿಗೂ ಬರುವಂತಿರಲಿಲ್ಲ. ಆದರೆ ಶ್ರುತಿ ಮಾಡುವವಳು ಅವಳೊಬ್ಬಳೇ. ಅವಳ ಕಿವಿಯ ಮುಂದೆ ತಂದೆಯ ಕಿವಿಯೂ ಸಾಲದು. ಅದಕ್ಕೆ ತಂದೆ ಒಂದು ವ್ಯವಸ್ಥೆ ಮಾಡಿದ್ದರು. ಹೊರಡುವ ಬೆಳಿಗ್ಗೆ ನಾವು ನಡುಮನೆಯ ಬಾಗಿಲ ಬಳಿ ನಿಂತು, ಮುಖವನ್ನು ಬೀದಿಯ ಕಡೆ ತಿರುಗಿಸಿ, ವಾದ್ಯವನ್ನು ಹಿಂದಕ್ಕೆ ಚಾಚಬೇಕು. ಬಾಗಿಲ ಹಿಂದಿನಿಂದ ಎರಡು ಕೈ ಬಂದು ತೆಗೆದುಕೊಳ್ಳುತ್ತಿದ್ದವು. ತಂತಿ ಬಿಗಿಯುವ ಬಿರಡೆಗೆ ಸೀಮೆಸುಣ್ಣ ಉಜ್ಜುವ ಸದ್ದು, ತಂತಿ ಏರುವ ಸದ್ದು; ಮತ್ತೆ ವಾದ್ಯ ನಮ್ಮ ಕೈಗೆ. ಬಸ್ಸಿನ ಕುಲುಕಾಟಕ್ಕೂ ಅವಳು ಕೂರಿಸಿದ ಬಿರಡೆ ಜಾರುತ್ತಿರಲಿಲ್ಲ. ಅವಳ ಮುಖವನ್ನು ನೋಡದೆ ಹೊರಡುವುದು ಶುಭವೆಂದು ನಮಗೆ ಕಲಿಸಲಾಗಿತ್ತು. ಹೀಗಾಗಿ ನಮ್ಮಲ್ಲಿ ಯಾರೂ ಸ್ವಂತವಾಗಿ ಶ್ರುತಿ ಮಾಡುವುದನ್ನು ಕಲಿಯಲಿಲ್ಲ. ಮೇಳ ನಿಂತ ಮೇಲೆ ನಾನು ಅವಳ ಪಕ್ಕದಲ್ಲಿ ಕುಳಿತು ಕಲಿತೆ. ಗುಂಡ ಕಲಿಯಲೇ ಇಲ್ಲ. ಈಗ ಅವನ ಬಳಿ ಒಂದು ಪುಟ್ಟ ಯಂತ್ರವಿದೆ. ಶ್ರುತಿ ಸೇರಿದರೆ ಹಸಿರು ದೀಪ ಹತ್ತುತ್ತದೆ.

ರಾಜ್ಯೋತ್ಸವದ ಸಭೆಯಲ್ಲಿ ನಾವಿಬ್ಬರೂ ಹಳೆಯ ಹಾಡುಗಳನ್ನು ನುಡಿಸಬೇಕೆಂದೇ ಅವನು ನನ್ನನ್ನು ಕರೆಸಿಕೊಂಡದ್ದು. ಅಭ್ಯಾಸದ ಮೊದಲ ದಿನವೇ ಕೇಳಿದೆ.

"ದೊಡ್ಡಕ್ಕನ ಹೆಸರು ಹೇಳಿಸ್ತೀಯ ತಾನೆ?"

"ಹೇಳಿಸ್ತೀನಿ ಅಕ್ಕ. ಅದನ್ನೂ ಕೇಳ್ಬೇಕಾ?"

ಎವರ್‌ಗ್ರೀನ್

ಮೇಘನಾ ಒಬ್ಬ ಅಮೆರಿಕದ ಮುದುಕಿಯ ಬಳಿ ಪಿಟೀಲು ಕಲಿಯುತ್ತಿದ್ದಳು. "ಅತ್ತೆ, ಯು ಹ್ಯಾವ್ ಟು ಮೀಟ್ ಹರ್" ಎಂದು ಒಂದು ದಿನ ಕಾರಿನಲ್ಲಿ ಕರೆದುಕೊಂಡು ಹೋದಳು. ಫ್ರೀವೇಯಲ್ಲಿ ಅವಳು ಕಾರು ಓಡಿಸಿದ ರೀತಿಗೆ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಅದನ್ನು ಧ್ಯಾನವೆಂದು ತಿಳಿದು ಅವಳು ರೇಡಿಯೋ ಆರಿಸಿದಳು.

ಮುದುಕಿಯ ಹೆಸರು ಎಡ್ನಾ. ಮನೆ ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ, ಗುಡ್ಡದ ಬುಡದಲ್ಲಿ. ಸುತ್ತಲೂ ಹೊಸ ಮನೆಗಳು, ನಮ್ಮವರವೇ ಹೆಚ್ಚು. ಒಂದು ಕಾಲಕ್ಕೆ ಅಲ್ಲೆಲ್ಲ ಹಣ್ಣಿನ ತೋಟವಿತ್ತಂತೆ. ಬರಗಾಲದಲ್ಲಿ ಊರು ಬಿಟ್ಟು ಬಂದ ಆಕೆಯ ತಂದೆತಾಯಿ ಆ ತೋಟಗಳಲ್ಲಿ ಹಣ್ಣು ಬಿಡಿಸಿ, ವಾರದ ಕೊನೆಗೆ ಹಣ್ಣು ತುಂಬುವ ಕೊಟ್ಟಿಗೆಯಲ್ಲಿ ಕುಣಿತಕ್ಕೆ ನುಡಿಸುತ್ತಿದ್ದರಂತೆ. ಅಪ್ಪ ಪಿಟೀಲು, ಅಮ್ಮ ಗಿಟಾರು, ಚಿಕ್ಕಪ್ಪ ಬ್ಯಾಂಜೊ, ಅಣ್ಣತಂಗಿಯರು ಎರಡು ಪಿಟೀಲು. ಆ ಮೇಳದಲ್ಲಿ ಉಳಿದವಳು ಈಕೆಯೊಬ್ಬಳೇ.

ಆಕೆ ಪಿಟೀಲನ್ನು ಗಲ್ಲದ ಕೆಳಗೆ ಇಡಲಿಲ್ಲ; ಎದೆಗೆ ಆನಿಸಿಕೊಂಡಳು. ನಾನು ನೆಲದ ಮೇಲೆ ಕುಳಿತು ಪಾದಕ್ಕೆ ಆನಿಸಿದ್ದನ್ನು ನೋಡಿ ಆಕೆಗೂ ಅಷ್ಟೇ ಆಶ್ಚರ್ಯ. ಆಕೆಯ ವಾದ್ಯ ಅಲುಗಿದಾಗ ಒಳಗೆ ಏನೋ ಗಲಗಲ ಎಂದಿತು. ಅದನ್ನು ಕೈಗೆ ತೆಗೆದುಕೊಂಡು, ಒಳಗಿನ ಕಡ್ಡಿ ಕಳಚಿರಬೇಕೆಂದು ಎಚ್ಚರಿಸಿದೆ.

"ಅದು ಹಾವಿನ ಬಾಲ ಅತ್ತೆ," ಎಂದಳು ಮೇಘನಾ. "ಗಲಗಲ ಅನ್ನೋ ಹಾವು ಇಲ್ವಾ? ಅದು. ದನಿ ಚೆನ್ನಾಗಿ ಬರುತ್ತಂತೆ. ಅವ್ರ ಅಣ್ಣ ಹಾಕಿದ್ದು."

ನಾನು ಪಿಟೀಲನ್ನು ತಕ್ಷಣ ಹಿಂದಿರುಗಿಸಿದೆ. ಎಡ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಧೈರ್ಯ ಮಾಡಿ ಮತ್ತೆ ತೆಗೆದುಕೊಂಡು ತಂತಿ ಮೀಟಿದರೆ, ಸ, ಪ, ಸ, ಪ! ನಮ್ಮ ಶ್ರುತಿ. ಸ್ವಲ್ಪ ಏರಿನಲ್ಲಿತ್ತು, ಆದರೆ ನಮ್ಮದೇ ಜೋಡಣೆ. ಪಾಶ್ಚಾತ್ಯರ ಪಿಟೀಲು ಹೀಗಿರುವುದಿಲ್ಲವೆಂದು ನನಗೆ ಗೊತ್ತು. ಅವರ ಹಳ್ಳಿಗಾಡಿನ ಹಳೆಯ ಹಾಡುಗಳಿಗೆ ಹೀಗೆ ತಿರುಪುತ್ತಾರಂತೆ. ಅಷ್ಟು ದೂರದ ದೇಶದಲ್ಲಿ, ಹಾವಿನ ಬಾಲವಿದ್ದ ವಾದ್ಯದಲ್ಲಿ, ದೊಡ್ಡಕ್ಕ ಮಾಡಿ ಕೊಟ್ಟಂತಿದ್ದ ಶ್ರುತಿ ಕೈಗೆ ಸಿಕ್ಕಾಗ ನಾನು ಆ ನಾಲ್ಕು ತಂತಿಗಳನ್ನೇ ಮತ್ತೆ ಮತ್ತೆ ಮೀಟಿದೆ.

ಎಡ್ನಾಗೆ ಒಂದು ನಿಯಮವಿತ್ತು. ಯಾವ ಹಾಡನ್ನೂ ಅದು ಯಾರಿಂದ ಬಂತೆಂದು ಹೇಳದೆ ಆರಂಭಿಸುತ್ತಿರಲಿಲ್ಲ. ಇದು ಅಜ್ಜಿಯದು. ಇದು ತೋಟದಲ್ಲಿ ಜೊತೆಗಿದ್ದ ಕುರುಡನದು. ಒಂದು ಹಾಡಿಗೆ ಮೊದಲು ಆಕೆ ಹೇಳಿದ್ದನ್ನು ಮೇಘನಾ ಕನ್ನಡಕ್ಕೆ ತಂದಳು: "ಇದು ಚಿಕ್ಕಪ್ಪ ಕ್ಲೈಡ್‌ದು. ತುಂಬ ಕುಡೀತಿದ್ರು. ಜೈಲಿಗೂ ಹೋಗಿದ್ರು. ಸ್ವಂತ ತಂದೆನೇ ಮನೆ ಒಳಗೆ ಸೇರಿಸ್ತಿರ್ಲಿಲ್ಲ. ಬಟ್ ಹಾಡು ಕ್ಲೈಡ್‌ದೇ."

ಆಮೇಲೆ ನಾನು ಕೆಂಚಮ್ಮನ ಹಸೆಯ ಹಾಡನ್ನು ನುಡಿಸಿದೆ. ಮುಗಿಸಿದ ಕೂಡಲೇ ಎಡ್ನಾ ಕೇಳಿದಳು, ಇದು ನಿನಗೆ ಯಾರಿಂದ ಬಂತು?

"ನಮ್ಮ ದೊಡ್ಡಕ್ಕ ಸಾವಿತ್ರಿಯಿಂದ," ಎಂದೆ. ಎಲ್ಲವನ್ನೂ ಹೇಳಿದೆ, ಬಾಗಿಲನ್ನೂ, ಕೈಗಳನ್ನೂ. ಮೇಘನಾ ಇಂಗ್ಲಿಷಿಗೆ ತರುತ್ತ ತರುತ್ತ ನಡುವೆ ನಿಂತುಬಿಟ್ಟಳು.

"ವೆಯ್ಟ್, ಅತ್ತೆ. ನಂಗೆ ಇನ್ನೊಬ್ರು ಅತ್ತೆ ಇದ್ರಾ?"

ಕಾಲೇಜು ಓದುವ ಹುಡುಗಿ. ತನ್ನ ತಂದೆಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳ ಹೆಸರನ್ನು ಅವಳು ಅಂದು ಮೊದಲ ಬಾರಿಗೆ ಕೇಳಿದಳು.

ಮಿಲ್ಪಿಟಾಸ್

ಸಭೆಯಲ್ಲಿ ಓದಬೇಕಾದ ಚರಿತ್ರೆಯನ್ನು ಬರೆಯುವ ಹೊಣೆ ಪ್ರಶಾಂತ ಎಂಬ ಮಂಡ್ಯದ ಕಡೆಯ ಯುವಕನದು. ಹೊರನಾಡಿನ ಕನ್ನಡ ಮನೆತನಗಳ ಕಥೆಗಳನ್ನು ಕಂಪ್ಯೂಟರಿನಲ್ಲಿ ಜಗತ್ತಿಗೆಲ್ಲ ತೋರಿಸುವ ಕಂಪನಿಯೊಂದನ್ನು ಅವನು ಗೆಳೆಯರೊಡನೆ ತೆರೆದಿದ್ದ. ಆ ದಿನಗಳಲ್ಲಿ ಅಲ್ಲಿ ಯಾರನ್ನು ಮಾತನಾಡಿಸಿದರೂ ಒಂದು ಕಂಪನಿ ತೆರೆದಿದ್ದರು. ನಾನು ಹೋದಾಗ ಆಫೀಸಿನ ನಡುವೆ ಟೇಬಲ್ ಟೆನಿಸ್ ಆಡುತ್ತಿದ್ದರು. ಕೆಲಸದ ಹೊತ್ತಿನಲ್ಲಿ!

"ಬನ್ನಿ ಆಂಟಿ, ಕೂತ್ಕಳಿ," ಎಂದು ಪ್ರಶಾಂತ ಒಂದು ಚೆಂಡಿನಾಕಾರದ ಆಸನ ತೋರಿಸಿದ. ಅವನಿಗೂ ನನಗೂ ಯಾವ ಸಂಬಂಧದಿಂದ ಆಂಟಿಯೋ ತಿಳಿಯದು. ನಾನು ನಿಂತೇ ಇದ್ದೆ.

ಪರದೆಯ ಮೇಲೆ ನಮ್ಮ ಮೇಳದ ಚಿತ್ರ. ತಂದೆ, ಅಣ್ಣ, ನಾನು, ಗುಂಡ. ಕೆಳಗೆ ಬರೆದಿತ್ತು: ಎಲ್ಲ ಹಾಡುಗಳ ಸಂಗ್ರಹ ಮತ್ತು ಶಿಕ್ಷಣ, ಮೇಷ್ಟ್ರು.

"ಇದು ತಪ್ಪು," ಎಂದೆ.

"ಡಾಕ್ಟ್ರು ಹೇಳಿದ್ದನ್ನೇ ಹಾಕಿರದು ಆಂಟಿ. ಫೋಟೋದಲ್ಲಿ ಇರೋರು ಇಷ್ಟೇ ಜನ ಅಲ್ವ್ರಾ?"

"ಫೋಟೋದಲ್ಲಿ ಯಾಕಿಲ್ಲ ಅಂತ ಹೇಳ್ತೀನಿ, ಬರ್ಕೋ."

ನಾನು ಹೇಳಿದಂತೆ ಅವನು ಕೀಲಿಮಣೆ ಒತ್ತಿದ. ಕೆಂಚಮ್ಮ, ನಿಂಗಮ್ಮ ಎಂಬ ಹೆಸರುಗಳನ್ನೂ ಸೇರಿಸಿದ. 'ಸಾವಿತ್ರಿ' ಎಂಬ ಅಕ್ಷರಗಳು ಬೆಳಕಿನಲ್ಲಿ ಮೂಡಿದವು. ಅವಳು ವಿಧವೆಯಾದ ಮೇಲೆ ನಮ್ಮ ಮನೆಯ ಯಾವ ಲಗ್ನಪತ್ರಿಕೆಯಲ್ಲೂ ಅಚ್ಚಾಗದ ಹೆಸರು. ಹುಡುಗ ಕಣ್ಣೊರೆಸಿಕೊಂಡ, ಅವನ ಅಜ್ಜಿಯೂ ಸೋಬಾನೆ ಹೇಳುವವಳಂತೆ.

"ಚೆಂದಾಗದೆ ಆಂಟಿ. ಡಾಕ್ಟ್ರು ಒಂದ್ಸಲ ನೋಡ್ಲಿ, ಆಮೇಲೆ ಹಾಕ್ಬುಡ್ತೀನಿ."

ಡಾಕ್ಟರು ನೋಡಿದರು.

ಶಾಲೆಯ ಸಭಾಂಗಣ

ರಾಜ್ಯೋತ್ಸವ ನಡೆದದ್ದು ಒಂದು ಹೈಸ್ಕೂಲಿನಲ್ಲಿ. ಬಾಗಿಲಲ್ಲಿ ಅರಿಶಿನ ಕುಂಕುಮ, ಪನ್ನೀರು. ಒಳಗೆ ಬಿಸಿಬೇಳೆಬಾತಿನ ಪರಿಮಳ. ಸಿನಿಮಾ ಹಾಡಿಗೆ ಕುಣಿಯಲಿದ್ದ ಮಕ್ಕಳು ಗೆಜ್ಜೆ ಕಟ್ಟಿಕೊಂಡು ಕಾಲಿಗೆ ಸಿಕ್ಕುತ್ತಿದ್ದರು. ವೇದಿಕೆಯ ಹಿಂದಿನ ಕೋಣೆ ವಿಪರೀತ ತಣ್ಣಗಿತ್ತು. ಚಳಿಗೆ ತಂತಿಗಳು ಜಾರತೊಡಗಿದವು. ಗುಂಡ ತನ್ನ ಯಂತ್ರವನ್ನು ಮನೆಯಲ್ಲೇ ಮರೆತು ಬಂದಿದ್ದ. ಜೇಬುಗಳನ್ನೆಲ್ಲ ತಡಕಿದ. ಹೊರಗೆ ನಮ್ಮ ಹೆಸರು ಕರೆಯುತ್ತಿದ್ದರು.

ಆಗ ಅವನು ಒಂದು ಕೆಲಸ ಮಾಡಿದ. ಅದನ್ನು ಈಗ ಹೇಳುವುದಿಲ್ಲ.

ವೇದಿಕೆಯ ಮೇಲೆ ಕುಳಿತೆವು. ಪ್ರಶಾಂತ ಮೈಕಿನ ಮುಂದೆ ಚರಿತ್ರೆ ಓದಿದ. ಮೇಷ್ಟ್ರು ಕಟ್ಟಿದ ಮೇಳ, ಮೇಷ್ಟ್ರು ಸಂಗ್ರಹಿಸಿದ ಹಾಡು, ಮೇಷ್ಟ್ರು ಕಲಿಸಿದ ಮಕ್ಕಳು. ಓದುವಾಗ ಆ ಹುಡುಗ ನನ್ನ ಕಡೆ ನೋಡಲಿಲ್ಲ. ಕೆಂಚಮ್ಮನಿಲ್ಲ, ನಿಂಗಮ್ಮನಿಲ್ಲ. ನನ್ನ ಕಿವಿ ಕೊನೆಯ ಸಾಲಿನವರೆಗೂ ಕಾಯಿತು. ಚಪ್ಪಾಳೆಯಾಯಿತು.

ಮೊದಲ ಹಾಡು ಹೆಣ್ಣು ಒಪ್ಪಿಸುವುದು. ನುಡಿಸಿದೆವು. ಮುಗಿದ ಮೇಲೆ ನಾನು ಮೈಕಿಗೆ ಬಾಗಿದೆ. "ಇದನ್ನು ನಮಗೆ ಕಲಿಸಿದವಳು..." ಎಂದೆ. ಅಷ್ಟೇ. ಪಕ್ಕದಿಂದ ಹಸೆಯ ಹಾಡು ಎದ್ದಿತು. ಗುಂಡ ಕಣ್ಣು ಮುಚ್ಚಿಕೊಂಡು, ಇರುವ ಬಲವನ್ನೆಲ್ಲ ಹಾಕಿ ಕಮಾನು ಎಳೆಯುತ್ತಿದ್ದ. ಜನ ತಾಳ ಹಾಕತೊಡಗಿದರು. ದೊಡ್ಡಕ್ಕನ ಹೆಸರು ದೊಡ್ಡಕ್ಕನ ಹಾಡಿನ ಅಡಿಯಲ್ಲೇ ಮುಚ್ಚಿಹೋಯಿತು. ನಾನು ನುಡಿಸಲಿಲ್ಲ. ಅವನೊಬ್ಬನೇ ಮುಗಿಸಿದ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನಿಂತು ಕೇಳಿದೆ.

"ಏನಂತ ಹೇಳ್ಸೋದು ಅಕ್ಕ?" ಎಂದ. "ಮದುವೆ ಮನೆಗೆ ನುಡಿಸೋಕೆ ಹೋಗ್ತಾ ಅಪ್ಪ ಸ್ವಂತ ಮಗಳನ್ನ ಬಾಗಿಲ ಹಿಂದೆ ಕೂರಿಸ್ತಿದ್ರು ಅಂತಲಾ? ಇಲ್ಲಿ ಹುಟ್ಟಿದ ಮಕ್ಕಳು ಅಪ್ಪನ್ನ ಏನಂದ್ಕೋತಾರೆ?"

"ಅಂದ್ಕೊಳ್ಳೋದನ್ನ ಅಂದ್ಕೊಳ್ಳಲಿ. ಅಪ್ಪನ ಮರ್ಯಾದೆಗೆ ಅಂತ ಬದುಕಿರೋವಷ್ಟು ದಿನ ಒಳಗೆ ಕೂತಳು. ಸತ್ತ ಮೇಲೂ ಕೂರಬೇಕೇನೋ?"

"ಸುಮ್ನೆ ಒಂದು ಪ್ರೋಗ್ರಾಮು. ಇಷ್ಟು ದೊಡ್ಡದು ಮಾಡ್ಬೇಡ."

"ಹೇಳಿಸ್ತೀನಿ ಅಂದಿದ್ದೆ."

"ಅಂದಿದ್ದೆ," ಎಂದ. ನಲ್ಲಿ ತಿರುಗಿಸಿ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದ. ದೊಡ್ಡಕ್ಕ ತೀರಿಕೊಂಡ ದಿನ ಫೋನಿನಲ್ಲಿ ಅತ್ತವನೂ ಇವನೇ. ಅದನ್ನೂ ನಾನು ಮರೆತಿಲ್ಲ.

ಮತ್ತೆ ಮಿಲ್ಪಿಟಾಸ್, ಮತ್ತೆ ಎವರ್‌ಗ್ರೀನ್

ಚಳಿಗಾಲ ಕಳೆಯುವ ಹೊತ್ತಿಗೆ ಆ ಸೀಮೆಯ ಮಾತೇ ಬದಲಾಯಿತು. ಕಂಪನಿ ತೆರೆದವರು ಮುಚ್ಚಿದ ಸುದ್ದಿ ಹೇಳತೊಡಗಿದರು. ಕಂಪ್ಯೂಟರಿನಲ್ಲಾದರೂ ತಪ್ಪು ತಿದ್ದಿಸೋಣವೆಂದು ಮೇಘನಾಳೊಡನೆ ಹೋದರೆ ಪ್ರಶಾಂತನ ಆಫೀಸು ಖಾಲಿ. ಅವನೊಬ್ಬನೇ ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದ. ಟೇಬಲ್ ಟೆನಿಸ್ ಮೇಜನ್ನು ಯಾರೋ ಹೊತ್ತುಕೊಂಡು ಹೋಗಿದ್ದರು.

"ತಪ್ಪು ತಿಳ್ಕೋಬೇಡಿ ಅಮ್ಮಾ," ಎಂದ. ಈಗ ಆಂಟಿ ಎನ್ನಲಿಲ್ಲ. "ಅವತ್ತು ಡಾಕ್ಟ್ರು ತೆಗ್ಸುದ್ರು. ಈಗ ನಾನೇ ಹಾಕಾನ ಅಂದ್ರೆ ಒಳಿಕ್ಕೆ ಹೋಗಕ್ಕೇ ಆಯ್ತಿಲ್ಲ. ಪಾಸ್‌ವರ್ಡು ಇದ್ದೋನು ಕೆಲ್ಸ ಬಿಟ್ಟು ಎಲ್ಲೋದ್ನೋ ಗೊತ್ತಿಲ್ಲ. ಆ ಪೇಜು ಮಾತ್ರ ಹಂಗೇ ಇರ್ತದೆ."

"ಎಷ್ಟು ದಿನ?"

"ಅದೂ ಗೊತ್ತಿಲ್ಲ ಕಣಮ್ಮಾ."

ಅದನ್ನು ತಿದ್ದಬಲ್ಲವರು ಯಾರೂ ಉಳಿದಿಲ್ಲ. ಜಗತ್ತಿನಲ್ಲಿ ಯಾರು ಎಲ್ಲಿ ತೆರೆದರೂ ನಮ್ಮ ಮೇಳ ಫೋಟೋದಲ್ಲಿ ಇದ್ದವರದ್ದು ಮಾತ್ರ.

ಹೊರಡುವ ಮುನ್ನ ಎಡ್ನಾಳನ್ನು ಕಂಡುಬರಬೇಕೆಂದೆ. ಆಕೆಯ ಮನೆಯೂ ಮಾರಾಟವಾಗಿತ್ತು. ವೃದ್ಧರ ನಿವಾಸಕ್ಕೆ ಹೋಗುವವಳಿದ್ದಳು. ಅಂದು ಮೇಘನಾಗೆ ಪರೀಕ್ಷೆ. ಗುಂಡನೇ ಕರೆದೊಯ್ದ. ಒಳಗೆ ಬಾರೋ ಎಂದರೆ, "ನೀನು ಹೋಗ್ಬಾ, ಇಲ್ಲೇ ಇರ್ತೀನಿ" ಎಂದು ಕಾರಿನಲ್ಲೇ ಕುಳಿತ.

ಎಡ್ನಾ ಜಗಲಿಯಲ್ಲಿ ಕುಳಿತಿದ್ದಳು. ನಡುವೆ ಭಾಷಾಂತರಿಸುವವರಿಲ್ಲದೆ ನಮ್ಮಿಬ್ಬರಿಗೂ ಹೆಚ್ಚು ಮಾತಿರಲಿಲ್ಲ. ಕೆಂಪು ಬಟ್ಟೆಯನ್ನು ಮುಟ್ಟಿ ನೋಡಿ ತಲೆಯಾಡಿಸಿದಳು. ಆಮೇಲೆ ಪಿಟೀಲನ್ನು ಎದೆಗೆ ಆನಿಸಿ, ಆರಂಭಿಸುವ ಮೊದಲು, ಅಭ್ಯಾಸದಂತೆ, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ. ಇದು ನನಗೆ ಸಾವಿಟ್ರಿಯಿಂದ ಬಂದದ್ದು, ಅವಳಿಗೆ ಕೆಂಚಾಮಾಳಿಂದ. ಅಂದು ನನ್ನಿಂದ ಕೇಳಿ ಕಲಿತ ಹಸೆಯ ಹಾಡು. ಅಲ್ಲಲ್ಲಿ ತಪ್ಪಿತು, ಒಳಗೆ ಹಾವಿನ ಬಾಲ ಗಲಗಲ ಎಂದಿತು. ಆದರೂ ಪೂರ್ತಿ ನುಡಿಸಿದಳು.

ಕಾರಿನ ಕಿಟಕಿ ಇಳಿದಿತ್ತು. ನಾನು ಬಂದು ಕುಳಿತಾಗ ಗುಂಡ ನನ್ನ ಕಡೆ ನೋಡದೆ ಕಾರು ಹೊರಡಿಸಿದ.

ಗುರುರಾಜ, ಇದನ್ನು ನೀನು ಓದುವೆಯೆಂದು ಬಲ್ಲೆ. ಅಂದು ವೇದಿಕೆಯ ಹಿಂದಿನ ಕೋಣೆಯಲ್ಲಿ ನಡೆದದ್ದನ್ನು ಈಗ ಹೇಳುತ್ತೇನೆ. ನಿನ್ನ ಯಂತ್ರ ಸಿಗಲಿಲ್ಲ. ಹೊರಗೆ ನಮ್ಮನ್ನು ಕರೆಯುತ್ತಿದ್ದರು. ನೀನು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಬೆಳಕಿನ ಕಡೆಗೆ ಮುಖ ತಿರುಗಿಸಿ ನಿಂತು, ಪಿಟೀಲನ್ನು ಹಿಂದಕ್ಕೆ ಚಾಚಿದೆ. ನಾನು ತೆಗೆದುಕೊಂಡು ಬಿರಡೆ ಕೂರಿಸಿ ಕೊಟ್ಟೆ. ನೀನು ತಿರುಗಿ ನೋಡದೆ ಕೈಗೆ ತೆಗೆದುಕೊಂಡು ವೇದಿಕೆಗೆ ನಡೆದೆ. ಆ ಕೋಣೆಯಲ್ಲಿ ಬಾಗಿಲಿರಲಿಲ್ಲ, ಶಕುನವಿರಲಿಲ್ಲ, ಅಪ್ಪನೂ ಇರಲಿಲ್ಲ. ಹೇಳು, ಮುಖ ತಿರುಗಿಸಿಕೊಂಡು ಆ ಪಿಟೀಲನ್ನು ನೀನು ಚಾಚಿದ್ದು ಯಾರ ಕೈಗೆ?